ಮೇಷ್ಟ್ರು ತೊಟ್ಟ ಜೆರ್ಸಿ

ನಮ್ಮ ಕಾಲೇಜಿನಲ್ಲಿ ಪರೀಕ್ಷೆಗೆ ಕಾವಲಿಲ್ಲ. ಪ್ರಶ್ನೆಪತ್ರಿಕೆ ಹಂಚಿ ಮೇಷ್ಟ್ರು ಹೊರಟುಬಿಡುತ್ತಾರೆ. ಯಾರ ನೆರವೂ ಪಡೆದಿಲ್ಲವೆಂದು ಕೊನೆಗೆ ನಾವೇ ಸಹಿ ಹಾಕಬೇಕು. ಇನ್ನೊಂದು ಪದ್ಧತಿಯೂ ಇದೆ. ಕೊನೆಯ ವರ್ಷದ ಆಟಗಾರ್ತಿಯರು ನಮ್ಮ ಕಾಲೇಜಿನಲ್ಲೇ ಆಡುವ ಕಡೆಯ ಪಂದ್ಯದ ದಿನ ತಮಗೆ ಬೇಕಾದ ಮೇಷ್ಟ್ರಿಗೆ ತಮ್ಮದೊಂದು ಜೆರ್ಸಿ ತೊಡಿಸುತ್ತಾರೆ.

ನಮ್ಮ ಬಾಸ್ಕೆಟ್‌ಬಾಲ್ ತಂಡದ ನಾಯಕಿ ಟೆಸ್ಸಾ ಆರಿಸಿದ್ದು ಗ್ರೀಕ್ ಇತಿಹಾಸ ಕಲಿಸುವ ಎಲ್ಸ್‌ವರ್ತ್ ಅವರನ್ನು. ಕಾಲು ಓಡುವವರಿಗೆ ತಲೆ ಓಡುವುದಿಲ್ಲವೆಂದು ಮೊದಲು ಅವಳನ್ನು ಹಂಗಿಸಿ, ಆಮೇಲೆ ವಾರವಾರವೂ ಕೂರಿಸಿಕೊಂಡು ಕಲಿಸಿದ ಮುದುಕ. ಪಂದ್ಯದ ದಿನ ತೊಡಲೆಂದು ಜೆರ್ಸಿ ಕೊಟ್ಟ ಮರುದಿನವೇ ಅವರ ಪರೀಕ್ಷೆ ಬಂತು. ಫೇಲಾದರೆ ಆಟಕ್ಕಿಲ್ಲ. ಟೆಸ್ಸಾ ಫೋನು ನೋಡಿ ಬರೆದಳು, ಸಹಿಯನ್ನೂ ಹಾಕಿದಳು.

ಪಂದ್ಯದ ದಿನ ಹೊರಗೆ ಮೊಣಕಾಲುದ್ದ ಹಿಮ. ಮೇಷ್ಟ್ರು ಕೋಟನ್ನು ತೋಳ ಮೇಲೆ ಹಾಕಿಕೊಂಡು ಬಂದರು. ಟೈ ಕಟ್ಟಿದ ಅಂಗಿಯ ಮೇಲೆ ಟೆಸ್ಸಾಳ ಜೆರ್ಸಿ ತೊಡೆಯವರೆಗೆ ಜೋಲುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಾಂಗಣದ ಅಂಕಣದ ನಡುವೆ ಅವರಿಬ್ಬರ ಪಕ್ಕದಲ್ಲೇ ತಂಡದವಳಾದ ನಾನೂ ನಿಂತಿದ್ದೆ.

"ಎಂಥಾ ಉತ್ತರ ಬರ್ದಿದೀಯಮ್ಮ! ನನ್ನ ಮಾತು ತಪ್ಪು, ಇವಳ ತಲೇನೂ ಓಡುತ್ತೆ ಅಂತ ಡೀನ್ ಹತ್ರಾನೂ ಹೇಳ್ಬಂದೆ."

ಟೆಸ್ಸಾ ತಲೆ ತಗ್ಗಿಸಿದಳು. "ಸಾರ್, ಬಿಚ್ಬಿಡಿ ಅದನ್ನ."

"ಯಾಕೆ, ಒಪ್ಪಲ್ವಾ ನಂಗೆ?"

"ಫೋನ್ ನೋಡ್ಕೊಂಡ್ ಬರ್ದೆ ಸಾರ್. ನಂದಲ್ಲ ಅದು."

"ಸ್ವಲ್ಪ ನಗೀಪ್ಪ, ಇಲ್ನೋಡಿ!" ಎಂದು ಫೋಟೋದವನು ಕೂಗಿದ. ಮೇಷ್ಟ್ರು ನಕ್ಕರು. ಹಾಗೆ ನಗುವ ಬದಲು ಅವಳಿಗೆ ನಾಲ್ಕು ಬೈದಿದ್ದರೇ ವಾಸಿಯಿತ್ತು. ನಾಚಿಕೆಯಿಂದ ನಾನೇ ಕುಗ್ಗಿಹೋದೆ. ಅವಳ ಪಾಡು ದೇವರಿಗೇ ಗೊತ್ತು.

"ಸೋಮವಾರ ಶಿಸ್ತು ಸಮಿತಿ ಮುಂದೆ ನೀನೇ ಹೇಳು," ಎಂದರು ಮೆಲ್ಲಗೆ. "ಇವತ್ತು ಆಡೋದೋ ಬೇಡ್ವೋ, ಅದೂ ನಿಂಗೇ ಬಿಟ್ಟಿದ್ದು. ಇಲ್ಲೂ ಕಾವಲಿಲ್ಲ."

ಮುಂದಿನ ಸಾಲಿನಲ್ಲಿ ಕೂತು ಅವರು ಜೆರ್ಸಿ ಬಿಚ್ಚದೆ ಅದರ ಮೇಲೆಯೇ ಕೋಟು ತೊಟ್ಟರು, ಕತ್ತಿನವರೆಗೂ ಗುಂಡಿ ಹಾಕಿಕೊಂಡರು. ಒಳಗೆ ಧಗೆ. "ಪಾಪ, ಅಜ್ಜನಿಗೆ ಚಳಿ," ಎಂದರು ನಮ್ಮ ಕೋಚ್.

ರೆಫರಿ ಸೀಟಿ ಊದಿದರು. ಕೋಚ್ ಎರಡು ಸಲ ಕರೆದರೂ ಟೆಸ್ಸಾ ಬೆಂಚಿನಿಂದ ಏಳಲಿಲ್ಲ. ಎದುರಿಗೆ ಮೇಷ್ಟ್ರ ಹಣೆಯಿಂದ ಬೆವರಿಳಿಯುತ್ತಿತ್ತು. ಪಂದ್ಯ ಮುಗಿಯುವವರೆಗೂ ಅವರು ಒಂದು ಗುಂಡಿಯನ್ನೂ ಬಿಚ್ಚಲಿಲ್ಲ.