ಹನ್ನೊಂದು ಹೆಸರಿನ ಕಲ್ಲು

"ಎತ್ತೋ ಸೂಳೆಮಗನೆ. ಕಲ್ಲೆತ್ತೋಕೆ ಬಂದಿದ್ದೀಯೋ, ಅದನ್ನ ಮುದ್ದಾಡೋಕೆ ಬಂದಿದ್ದೀಯೋ?"

ಮೇಸ್ತ್ರಿ ನನ್ನ ತಮ್ಮನ ಸೊಂಟಕ್ಕೆ ಬೂಟಿನ ತುದಿಯಿಂದ ತಿವಿದ. ತಮ್ಮ ಕುಳ್ಳ, ಕ್ವಾರಿಯಲ್ಲಿ ಎಲ್ಲರ ಬಾಯಲ್ಲೂ ಗಿಡ್ಡ. ಚಪ್ಪಡಿಯ ಒಂದು ತುದಿ ಅವನ ಎದೆಗೆ ಒರಗಿತ್ತು, ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಉಸಿರು ಕಟ್ಟಿ ಎತ್ತಿ ಲಾರಿಗೆ ಹಾಕಿದೆವು. ಕೈ ಒರೆಸಿಕೊಳ್ಳುವಷ್ಟರಲ್ಲಿ ಮೇಸ್ತ್ರಿ ಹೇಳಿದ್ದು ಇಷ್ಟು: ಕಲ್ಲು ಕೊಯ್ಯುವ ಯಂತ್ರ ಬಂದಿದೆ, ನಾಳೆಯಿಂದ ನಿಮ್ಮಿಬ್ಬರಲ್ಲಿ ಒಬ್ಬರು ಸಾಕು.

ಅಪ್ಪ ಚಿಕ್ಕಂದಿನಲ್ಲೇ, ಹೆಣ್ಣೆನ್ನದೆ, ನನ್ನ ಕೈಗೆ ಉಳಿ ಕೊಟ್ಟು ಅಕ್ಷರ ಕೊರೆಯುವುದನ್ನು ಕಲಿಸಿದ್ದ. ಅದಕ್ಕೇ ನಾನು ಉಳಿದೆ, ಗಿಡ್ಡ ಮನೆಗೆ ಹೋದ.

ಅವನು ಅಲೆಯದ ಜಾಗವಿಲ್ಲ. ಜಲ್ಲಿ ಮಿಷನ್ನು, ಇಟ್ಟಿಗೆ ಗೂಡು, ಲಾರಿ ಶೆಡ್ಡು. ಹೋದಲ್ಲೆಲ್ಲ ಮೊದಲು ಅವನ ಎತ್ತರ ನೋಡಿ ನಗುತ್ತಿದ್ದರು, ಆಮೇಲೆ ಕೆಲಸವಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಅಪ್ಪ ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದ. ಮೂವತ್ತು ವರ್ಷ ಕಲ್ಲಿನ ಧೂಳು ಕುಡಿದ ಎದೆ, ಮಲಗಿದರೆ ಉಸಿರು ಬರುತ್ತಿರಲಿಲ್ಲ.

ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ಮೂರನೆಯ ವಾರ ಸೈನ್ಯಕ್ಕೆ ಜನ ಸೇರಿಸುವವನು ಬಂದ. ನಾವು ಅವನನ್ನು ಭರ್ತಿ ಸಾಹೇಬ ಎನ್ನುತ್ತಿದ್ದೆವು. ಮೇಸ್ತ್ರಿ ತನ್ನ ಕುರ್ಚಿ ಬಿಟ್ಟುಕೊಟ್ಟು ಚಹಾ ತರಿಸಿದ. ಕೆಲಸದಿಂದ ತೆಗೆದ ಹುಡುಗರ ಪಟ್ಟಿಯನ್ನು ಅವನ ಕೈಗಿಟ್ಟವನೂ ಮೇಸ್ತ್ರಿಯೇ ಎಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಸಾಹೇಬ ನಮ್ಮ ಮನೆಗೇ ಬಂದ. ತಲೆ ಬಗ್ಗಿಸಿ ಒಳಗೆ ಬಂದು, ಅಪ್ಪನ ಪಕ್ಕ ನೆಲದ ಮೇಲೆ ಕೂತ. ಅಷ್ಟು ದೊಡ್ಡ ಮನುಷ್ಯ ನಮ್ಮ ನೆಲದ ಮೇಲೆ ಕೂತಿದ್ದಕ್ಕೇ ನಾವು ಅರ್ಧ ಸೋತಿದ್ದೆವು. ಗಿಡ್ಡನ ಅಂಗೈ ತಿರುಗಿಸಿ ಜಡ್ಡು ಮುಟ್ಟಿ ನೋಡಿ ನನ್ನ ಕಡೆ ತಿರುಗಿದ. "ಇವನ ಕೈಗೆ ಬಂದೂಕು ಕೊಡಲ್ಲಮ್ಮ. ಕಲ್ಲಿನ ಕೆಲಸ ಗೊತ್ತಿರೋನು. ರಸ್ತೆ, ಸೇತುವೆ ಕಟ್ಟೋ ದಳಕ್ಕೆ ಹಾಕಿಸ್ತೀನಿ. ವಾಪಸ್ ಬರುವಾಗ ಕೈಯಲ್ಲೊಂದು ಕಸುಬು ಇರುತ್ತೆ."

ನಾನು ಶಾಲೆಯ ಸರ್ಟಿಫಿಕೇಟು ತೋರಿಸಿದೆ. ತಮ್ಮನಿಗೆ ಹದಿನೇಳು ತುಂಬಿ ಎರಡು ತಿಂಗಳಾಗಿತ್ತು. ಸಾಹೇಬ ಓದಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸು ಇಟ್ಟ. ಇದು ಮನೆಯಲ್ಲೇ ಇರಲಿ ಎಂದ. ಅರ್ಜಿಯಲ್ಲಿ ತನ್ನ ಕೈಯಾರೆ ಹದಿನೆಂಟು ಎಂದು ಬರೆದ. ಅಪ್ಪ ಹೆಬ್ಬೆಟ್ಟು ಒತ್ತಿದ, ಸಾಕ್ಷಿಗೆ ನಾನು ಸಹಿ ಹಾಕಿದೆ. ಕೊನೇಪಕ್ಷ ಇಲ್ಲಿಯ ಧೂಳಿನಿಂದ ಮಗ ತಪ್ಪಿಸಿಕೊಂಡನಲ್ಲ ಎಂದು ಅಪ್ಪ ಕೆಮ್ಮುತ್ತಲೇ ನಕ್ಕಿದ್ದ.

ಗಿಡ್ಡ ನಾಲ್ಕು ತಿಂಗಳ ಮೇಲೆ ಫೋನು ಮಾಡಿದ. ಸೇತುವೆ ಕಟ್ಟುವುದಿಲ್ಲವಂತೆ. ದಂಡು ಹೋಗುವ ಮುಂಚೆ ದಾರಿಯಲ್ಲಿ ಹುಗಿದಿಟ್ಟ ಬಾಂಬು ಹುಡುಕುವ ಕೆಲಸವಂತೆ. "ರಸ್ತೆ ಕೆಳಗಿನ ಮೋರಿ ಇರುತ್ತಲ್ಲಕ್ಕ, ಅದರೊಳಗೆ ಬೇರೆಯವರು ಹಿಡಿಸಲ್ಲ. ಗಿಡ್ಡ ಅಂತ ನನ್ನನ್ನೇ ಇಳಿಸ್ತಾರೆ." ಇಲ್ಲಿ ಎತ್ತರ ಸಾಲದೆ ಕೆಲಸ ಸಿಗಲಿಲ್ಲ, ಅಲ್ಲಿ ಅದಕ್ಕೇ ಸಿಕ್ಕಿತು ನೋಡು ಎಂದು ತಾನೇ ತಮಾಷೆ ಮಾಡಿದ. ಅಪ್ಪನಿಗೆ ಹೇಳಬೇಡ ಎಂದ. ಹೇಳಲಿಲ್ಲ.

ಏಳನೆಯ ತಿಂಗಳು ಪೆಟ್ಟಿಗೆ ಬಂತು. ತೆರೆಯಬಾರದು ಎಂದು ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದರು. ನಾನೂ ಒಂದು ಮೂಲೆಗೆ ಹೆಗಲು ಕೊಟ್ಟೆ. ಕಲ್ಲು ಹೊತ್ತ ಹೆಗಲಿಗೆ ತೂಕ ಗೊತ್ತಾಗುತ್ತದೆ. ನನ್ನ ತಮ್ಮ ಹಗುರವೇ, ಆದರೆ ಅಷ್ಟು ಹಗುರ ಅಲ್ಲ.

ಪರಿಹಾರದ ಹಣಕ್ಕೆ ಭರ್ತಿ ಕಚೇರಿಗೆ ಹೋದರೆ, ಸತ್ತವನು ನಮ್ಮವನೇ ಎಂಬುದಕ್ಕೆ ಕಾಗದ ತನ್ನಿ ಎಂದರು. ಅಪ್ಪನ ಹೆಸರು, ಮಗನ ಹೆಸರು ಎರಡೂ ಇದ್ದದ್ದು ಶಾಲೆಯ ಸರ್ಟಿಫಿಕೇಟಿನಲ್ಲಿ ಮಾತ್ರ. ಅದನ್ನೇ ಒಯ್ದೆ. ಅಧಿಕಾರಿ ಹುಟ್ಟಿದ ತಾರೀಖು ನೋಡಿ ಬೆರಳು ಮಡಿಸಿ ಎಣಿಸಿದ. ಸುಳ್ಳು ಹೇಳಿ ಸೈನ್ಯ ಸೇರಿದವನು ಸೈನಿಕನೇ ಅಲ್ಲ, ದಾಖಲೆಯಿಂದ ಹೆಸರು ಹೋಗುತ್ತದೆ ಎಂದ. ಮೋಸಗಾರ ಎಂಬ ಮಾತನ್ನೂ ಸೇರಿಸಿದ.

ಭರ್ತಿ ಸಾಹೇಬ ಪಕ್ಕದ ಮೇಜಿನಲ್ಲೇ ಇದ್ದ. ನಮ್ಮ ನೆಲದ ಮೇಲೆ ಕೂತಿದ್ದವನು ಈಗ ತಲೆ ಎತ್ತಲಿಲ್ಲ.

"ಬರೆದಿದ್ದು ನೀವಲ್ವಾ ಸಾಹೇಬ್ರೆ?" ಎಂದು ಕೇಳಿದೆ.

"ದಿನಕ್ಕೆ ಐವತ್ತು ಜನರದ್ದು ಬರೀತೀನಿ. ಯಾರು ನೆನಪಿರ್ತಾರಮ್ಮ?" ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟ. "ಸಹಿ ನಿಂದೇ ತಾನೆ?"

ಸಹಿ ನನ್ನದೇ ಆಗಿತ್ತು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ತನ್ನ ಹೆಬ್ಬೆಟ್ಟನ್ನೇ ನೋಡುತ್ತಿದ್ದ. ಆಮೇಲೆ ಅದನ್ನು ಗೋಡೆಗೆ ಉಜ್ಜತೊಡಗಿದ. ನಾನು ಕೈ ಹಿಡಿದು ಬಿಡಿಸುವಷ್ಟರಲ್ಲಿ ಚರ್ಮ ಸುಲಿದಿತ್ತು.

ಊರ ಶಾಲೆಯ ಅಂಗಳದಲ್ಲಿ, ಯುದ್ಧದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು. ಕಲ್ಲು ನಮ್ಮ ಕ್ವಾರಿಯದು, ಕೊರೆಯುವ ಕೈ ನನ್ನದು. ಮೇಸ್ತ್ರಿ ಪಟ್ಟಿ ಕೊಟ್ಟ. ಹನ್ನೊಂದು ಹೆಸರು, ಎಲ್ಲ ಸುತ್ತಮುತ್ತಲಿನ ಹುಡುಗರು, ಅವರಲ್ಲಿ ಆರು ಜನ ನಮ್ಮ ಕ್ವಾರಿಯಲ್ಲೇ ಸುತ್ತಿಗೆ ಹಿಡಿದವರು. "ಇದರ ಮೇಲೆ ಇನ್ನೊಂದು ಗೀರು ಬಿತ್ತೋ, ಕೈ ಮುರಿದು ಹಾಕ್ತೀನಿ ಮುಂಡೆ" ಎಂದ. ನಾನು ಒಂಬತ್ತು ದಿನ ಕೊರೆದೆ. ಒಬ್ಬೊಬ್ಬರ ಹೆಸರು ಕೊರೆಯುವಾಗಲೂ ಅವರವರ ತಾಯಂದಿರ ಮುಖ ಕಣ್ಣೆದುರು ಬರುತ್ತಿತ್ತು. ಒಂದಕ್ಷರವೂ ಸೊಟ್ಟಗಾಗಲು ಬಿಡಲಿಲ್ಲ. ಕೊನೆಯ ಹೆಸರಿನ ಕೆಳಗೆ ಎರಡು ಗೇಣು ಜಾಗ ಖಾಲಿ ಉಳಿಯಿತು. ಮೇಸ್ತ್ರಿ ಅಕ್ಷರಕ್ಷರ ಪರೀಕ್ಷಿಸಿ ಕಲ್ಲನ್ನು ಸಾಗಿಸಿದ.

ಸಮಾರಂಭದ ದಿನ ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಶಾಲೆಗೆ ಹೋದೆ. ಕುರ್ಚಿ ಜೋಡಿಸುತ್ತಿದ್ದರು, ಕಂಬಗಳಿಗೆ ಬಾವುಟ ಕಟ್ಟುತ್ತಿದ್ದರು. ಕಲ್ಲಿಗೆ ಹೊದಿಸಿದ ಬಿಳಿ ಬಟ್ಟೆಯನ್ನು ಮೇಲೆ ಸರಿಸಿ ಮಂಡಿಯೂರಿ ಕೂತೆ. ಕಾವಲಿಗಿದ್ದ ಸಿಪಾಯಿ ಏನು ಎಂದು ಕೇಳಿದ. ಸ್ವಲ್ಪ ಕೆಲಸ ಬಾಕಿ ಇದೆ ಎಂದೆ. ಅವನು ನನ್ನ ಸೀರೆಗೆ ಮೆತ್ತಿದ್ದ ಧೂಳು ನೋಡಿ, ನನಗೆ ಬೆಳಕು ಬೀಳಲೆಂದು ಪಕ್ಕಕ್ಕೆ ಸರಿದು ನಿಂತ. ಕೂಲಿಯವಳು ಬಗ್ಗಿ ದುಡಿಯುತ್ತಿದ್ದರೆ ಯಾರೂ ತಡೆಯುವುದಿಲ್ಲ.

ಒಂದೂವರೆ ಗಂಟೆಯಲ್ಲಿ ತಮ್ಮನ ಹೆಸರು ಮುಗಿಯಿತು. ಗಿಡ್ಡ ಎಂದಲ್ಲ, ಅಪ್ಪ ಇಟ್ಟ ಹೆಸರು. ಅದರ ಮುಂದೆ ವಯಸ್ಸು ಶುರುಮಾಡಿದೆ, ಅಂಕಿಯಲ್ಲಲ್ಲ, ಅಕ್ಷರದಲ್ಲಿ. ಅಷ್ಟರಲ್ಲಿ ಹೊಸದಾಗಿ ಭರ್ತಿಯಾದ ಹುಡುಗರನ್ನು ತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರ ಹಿಂದೆ ಭರ್ತಿ ಸಾಹೇಬ ಬಂದ. ಕಲ್ಲು ನೋಡಿದ, ಆಮೇಲೆ ನನ್ನನ್ನು. ಈಗ ನೆನಪಿತ್ತು ಅವನಿಗೆ.

"ಎದ್ದೇಳು," ಎಂದ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ.

"ಇನ್ನೊಂದಕ್ಷರ ಇದೆ ಸಾಹೇಬ್ರೆ."

ಗೇಟಿನಲ್ಲಿ ದೊಡ್ಡವರ ಕಾರುಗಳು ನಿಂತವು. ಅಷ್ಟು ಜನರೆದುರು ಹೆಂಗಸೊಬ್ಬಳನ್ನು ಎಳೆದಾಡಲು ಅವನಿಗೆ ಧೈರ್ಯವಾಗಲಿಲ್ಲ. ಬಟ್ಟೆಯ ಅಂಚು ಹಿಡಿದು ಕೆಳಗೆ ಜಗ್ಗಿದ. ಅದು ಕಲ್ಲಿನ ಮೇಲೂ ನನ್ನ ಮೇಲೂ ಬಿತ್ತು. ಬ್ಯಾಂಡಿನವರಿಗೆ ಜೋರಾಗಿ ಬಾರಿಸಿ ಎಂದು ಹೇಳಿದ್ದು ಕೇಳಿಸಿತು.

ಒಳಗೆ ಮಬ್ಬು ಬೆಳಕು, ಕಲ್ಲಿನ ತಣುಪು. ಎಡಗೈ ಬೆರಳಿನಿಂದ ತಡವಿ ಹದಿನೇಳರ ಮೂರನೆಯ ಅಕ್ಷರ ಮುಗಿದ ಜಾಗ ಹುಡುಕಿದೆ. ಅದರ ಪಕ್ಕ ಉಳಿ ಇಟ್ಟು ಸುತ್ತಿಗೆ ಎತ್ತಿದೆ.