ಮೂವತ್ತೇಳನೆಯ ಪುಟ

ಹುಡುಗಿಯ ಬೆರಳು ಇರುವೆಯ ಬೆನ್ನ ಮೇಲೆ ಓಡುತ್ತಿತ್ತು. ಬಾಯಲ್ಲಿ ಮಾತ್ರ ದೀಪಸ್ತಂಭವಿತ್ತು.

"ಉತ್ತರ ದಿಕ್ಕಿನ ಸಮುದ್ರತೀರದಲ್ಲಿ ಎತ್ತರವಾದ ದೀಪಸ್ತಂಭವೊಂದಿತ್ತು. ಅದರ ವೃದ್ಧ ಕಾವಲು... ಗಾರನು ಪ್ರತಿ ಸಂಧ್ಯೆಯೂ ನೂರ ಎಂಬತ್ತೆಂಟು ಮೆಟ್ಟಿಲುಗಳನ್ನು ಹತ್ತುತ್ತಿದ್ದನು..."

ಕೆಳಗೆ ಬಿದ್ದ ಪೆನ್ನಿನ ಮುಚ್ಚಳ ಎತ್ತಿಕೊಳ್ಳಲು ಬಗ್ಗಿದ್ದ ಇನ್‌ಸ್ಪೆಕ್ಟರಮ್ಮ ಬಗ್ಗಿದ ಹಾಗೇ ನಿಂತುಬಿಟ್ಟರು. ಅವರ ಕಣ್ಣು ಸರಿಯಾಗಿ ಡೆಸ್ಕಿನ ಮಟ್ಟಕ್ಕಿತ್ತು. ಹುಡುಗಿಯ ಮುಂದೆ ಹೊಸ ಪುಸ್ತಕದ ಮೂವತ್ತೇಳನೆಯ ಪುಟವೇ ತೆರೆದಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಲೆ ದಪ್ಪಕ್ಷರದಲ್ಲಿ 'ಇರುವೆಗಳ ಊರು' ಎಂದಿತ್ತು. ಅರ್ಧ ಪುಟದ ತುಂಬ ಒಂದು ಕಂದು ಇರುವೆಯ ಚಿತ್ರವಿತ್ತು. ಸಮುದ್ರವಿರಲಿಲ್ಲ, ದೀಪಸ್ತಂಭವಿರಲಿಲ್ಲ, ಮೆಟ್ಟಿಲಂತೂ ಒಂದೂ ಇರಲಿಲ್ಲ. ಹುಡುಗಿಯ ಬೆರಳು ಮಾತ್ರ ಸಾಲಿನಿಂದ ಸಾಲಿಗೆ ಇಳಿಯುತ್ತ, ಇರುವೆಯ ಕಾಲುಗಳನ್ನು ದಾಟಿ, ಮುದುಕನ ಜೊತೆಗೆ ಮೆಟ್ಟಿಲು ಹತ್ತುತ್ತಲೇ ಇತ್ತು.

ಇನ್‌ಸ್ಪೆಕ್ಟರಮ್ಮ ಮೆಲ್ಲಗೆ ಮೇಲೆದ್ದರು. ಮುಚ್ಚಳ ಅಲ್ಲೇ ಉಳಿಯಿತು.

ಅವರು ಶಾಲೆಗಳ ತಪಾಸಣೆ ಮಾಡುವವರು. ನಲವತ್ತಮೂರು ಸರ್ಕಾರಿ ಮಾಧ್ಯಮಿಕ ಶಾಲೆಗಳು ಅವರ ಪಾಲಿಗಿದ್ದವು. ಯಾವುದು ಒಳ್ಳೆಯ ಶಾಲೆ, ಯಾವುದು ಸುಮಾರು, ಯಾವುದಕ್ಕೆ ಬೀಗ ಹಾಕಿದರೂ ನಷ್ಟವಿಲ್ಲ ಎಂದು ಹನ್ನೊಂದು ವರ್ಷದಿಂದ ಅವರೇ ಬರೆದು ಕೊಡುತ್ತಿದ್ದರು. ಬೇರೆ ತಪಾಸಣಾಧಿಕಾರಿಗಳ ಹಾಗೆ ಹಾಜರಿ ಪುಸ್ತಕ ಮಗುಚುವುದು, ಗೋಡೆಯ ಸುಣ್ಣ ಮುಟ್ಟಿ ನೋಡುವುದು, ಹೊಗಳಿಸಿಕೊಂಡು ಟೀ ಕುಡಿದು ಹೋಗುವುದು ಅವರಿಗೆ ಆಗದು. ನೇರ ಕೊನೆಯ ತರಗತಿಗೆ ನುಗ್ಗಿ ಯಾವುದಾದರೂ ಮಗುವನ್ನು ಎಬ್ಬಿಸಿ ಭಾಷಾ ಪುಸ್ತಕದ ಮೂವತ್ತೇಳನೆಯ ಪುಟ ಓದಿಸುತ್ತಿದ್ದರು. ಆ ಪುಟದಲ್ಲಿ ಒತ್ತಕ್ಷರಗಳ ಜಾತ್ರೆಯೇ ನೆರೆದಿತ್ತು. ಅದನ್ನು ಸಲೀಸಾಗಿ ಓದಿದ ಮಗು ಮಿಕ್ಕಿದ್ದೆಲ್ಲವನ್ನೂ ಓದುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಈ ಉಪಾಯ ಹೊಳೆದ ದಿನ ಅವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿದ್ದರು. ಅದಾದ ಮೇಲೆ ಪುಟ ಬದಲಾಯಿಸುವ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

ಮಕ್ಕಳು ಓದುವಾಗ ಅವರು ಪುಸ್ತಕ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ತಲೆದೂಗುತ್ತ ಕೇಳುತ್ತಿದ್ದರು. ನೋಡುವ ಅಗತ್ಯವೇನಿತ್ತು? ಅವರಿಗೂ ಆ ಪುಟ ಬಾಯಿಪಾಠವಾಗಿತ್ತು.

"ಸಾಕು, ಕೂತ್ಕೋ," ಎಂದು ಅವರು ಹುಡುಗಿಗೆ ಹೇಳಿದರು. ಪಕ್ಕದವಳನ್ನು ಎಬ್ಬಿಸಿದರು. "ನೀನು ಓದಮ್ಮ. ಅದೇ ಪುಟ."

"ಉತ್ತರ ದಿಕ್ಕಿನ ಸಮುದ್ರತೀರದಲ್ಲಿ..." ಇವಳದು ಇನ್ನೂ ಚೆಂದ. ಏರಿಳಿತ, ಉಸಿರು, ಎಲ್ಲ ಹದವಾಗಿತ್ತು. "ವೃದ್ಧ ಕಾವಲು" ಎನ್ನುವಲ್ಲಿ ಒಂದು ಗಳಿಗೆ ನಿಂತು, "ಗಾರನು" ಎಂದು ಮುಂದುವರಿದಳು. ಹಳೆಯ ಪುಸ್ತಕದಲ್ಲಿ ಸಾಲು ಮುಗಿದು ಆ ಶಬ್ದ ಅಲ್ಲಿ ಎರಡು ತುಂಡಾಗಿತ್ತು. ಈಗ ಸಾಲೂ ಇಲ್ಲ, ತುಂಡೂ ಇಲ್ಲ. ನಿಲ್ಲುವುದು ಮಾತ್ರ ಉಳಿದಿತ್ತು.

ಬಾಗಿಲ ಬಳಿ ನಿಂತಿದ್ದ ಹೆಡ್‌ಮಾಸ್ತರರು ಹೆಮ್ಮೆಯಿಂದ ಕೈಕಟ್ಟಿಕೊಂಡು ನಗುತ್ತಿದ್ದರು. ಭಾಷಾ ಮಿಸ್ಸು ಕಿಟಕಿಯ ಹತ್ತಿರವಿದ್ದರು. ಅವರ ಕಣ್ಣು ಅದೇ ಈಗ ಪುಸ್ತಕದ ಮೇಲೆ ಬಿತ್ತು. ಅವರು ಒಂದು ಸಲ ಇರುವೆಯನ್ನು, ಒಂದು ಸಲ ಇನ್‌ಸ್ಪೆಕ್ಟರಮ್ಮನನ್ನು ನೋಡಿದರು. ಮುಖದಲ್ಲಿ ರಕ್ತದ ಸುಳಿವೇ ಉಳಿಯಲಿಲ್ಲ.

"ಹನ್ನೆರಡನೇ ಪುಟ ತೆಗೀರಿ," ಎಂದರು ಇನ್‌ಸ್ಪೆಕ್ಟರಮ್ಮ.

ಮೂವತ್ತೊಂದು ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರು. ಈ ಮೇಡಂ ಬಾಯಲ್ಲಿ ಇಂಥ ಮಾತು ಬರುತ್ತದೆಂದು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಹಾಳೆ ಮಗುಚುವ ಸದ್ದಾಯಿತು. ದೀಪಸ್ತಂಭವನ್ನು ಮೊದಲು ಓದಿದ್ದ ಮೊದಲ ಬೆಂಚಿನ ಆ ಜಾಣೆ ಎದ್ದು ನಿಂತಳು, ಪುಸ್ತಕವನ್ನು ಮುಖಕ್ಕೆ ಹತ್ತಿರ ತಂದಳು, ದೂರ ಹಿಡಿದಳು. "ಮ... ಳೆ... ನೀ..." ಅಂದಳು. ಅಲ್ಲಿಗೆ ಬಂಡಿ ನಿಂತಿತು. ಅವಳ ಕಿವಿ ಕೆಂಪಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ತನ್ನ ಸರದಿ ನೆನಪಾಗಿ ಸುಮ್ಮನಾದರು.

ಆಗ ಇನ್‌ಸ್ಪೆಕ್ಟರಮ್ಮ ಮೂರನೆಯ ಬೆಂಚಿನ ಕಡೆ ನೋಡಿದರು. ನೋಡಬಾರದು ಎಂದು ಎಷ್ಟು ತಡೆದುಕೊಂಡರೂ ನೋಡಿದರು. ಅಲ್ಲಿ ಅವರ ತಮ್ಮನ ಮಗಳು ಕೂತಿದ್ದಳು. ಮೈ ಸಣ್ಣದೆಂದು ಮನೆಯವರೆಲ್ಲ ಗುಬ್ಬಿ ಎಂದೇ ಕರೆಯುತ್ತಿದ್ದರು. ಗುಬ್ಬಿ ಪುಸ್ತಕದೊಳಗೆ ತಲೆ ಹುದುಗಿಸಿಕೊಂಡಿದ್ದಳು.

ಎರಡು ವರ್ಷದ ಹಿಂದೆ ತಮ್ಮ, ಲಿಫ್ಟ್ ರಿಪೇರಿಯವನು, ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಅಕ್ಕನ ಮನೆಗೆ ಬಂದಿದ್ದ. "ಅಕ್ಕಾ, ಗುಬ್ಬಿ ಓದಿನಲ್ಲಿ ಹಿಂದೆ ಬಿದ್ದಿದಾಳೆ. ಹಳೇ ಸ್ಕೂಲಲ್ಲಿ ಅವಳನ್ನ ಕೇಳೋರೇ ಇಲ್ಲ. ದೊಡ್ಡ ಸ್ಕೂಲು ಬೇಡ, ಹೆಸರು ಬೇಡ. ಓದೋಕೆ ಕಲಿಸೋ ಒಂದು ಸ್ಕೂಲು ಹೇಳು ಸಾಕು. ನೀನು ಹೇಳಿದ್ರೆ ಕಣ್ಣು ಮುಚ್ಕೊಂಡು ಸೇರಿಸ್ತೀನಿ," ಅಂದಿದ್ದ. ಅಕ್ಕ ಎದ್ದು ಹೋಗಿ ಈ ಶಾಲೆಯ ಬಗ್ಗೆ ತಾನೇ ಬರೆದ ವರದಿಯ ಪ್ರತಿ ತಂದು ಅವನ ಮುಂದಿಟ್ಟಿದ್ದಳು. ಓದು: ಅತ್ಯುತ್ತಮ. ಅವನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಸೇರಿಸಿದ. ತಮ್ಮನ ಮಗಳೆಂದು ಪಕ್ಷಪಾತ ಮಾಡಿದರು ಎನ್ನುವ ಮಾತು ಬರಬಾರದೆಂದು ಇನ್‌ಸ್ಪೆಕ್ಟರಮ್ಮ ಈ ಶಾಲೆಯಲ್ಲಿ ಗುಬ್ಬಿಯನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮನೆಯಲ್ಲಿ ಮಾತ್ರ ಅವಳ ಓದು ಕಿವಿಗೆ ಬಿದ್ದಿತ್ತು. ಅದು ಈಗ ನೆನಪಾಯಿತು. ಹೋದ ರಜೆಯಲ್ಲಿ ಗುಬ್ಬಿ ಅವರ ಮನೆಯ ಹಜಾರದಲ್ಲಿ ಯಾರದೋ ಹಳೆಯ ಪುಸ್ತಕ ಹರಡಿಕೊಂಡು ಕೂತಿದ್ದಳು. ಅಡಿಗೆಮನೆಗೆ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. 'ಅದರ ವೃದ್ಧ ಕಾವಲು... ಗಾರನು.' "ನೋಡಿದ್ರಾ, ಮುಂದಿನ ವರ್ಷದ ಪಾಠ ಈಗಲೇ ಓದ್ತಾಳೆ!" ಎಂದು ಗಂಡನ ಮುಂದೆ ಬೀಗಿದ್ದರು. ತಮ್ಮನಿಗೆ ಫೋನು ಮಾಡಿಯೂ ಹೇಳಿದ್ದರು. ಆ ಕಡೆ ಅವನು ಮೂಗು ಸೀಟಿಕೊಂಡಿದ್ದ.

ಅವರು ಕುರ್ಚಿಯನ್ನು ಜಗುಲಿಗೆ ಹಾಕಿಸಿಕೊಂಡರು. ಮಕ್ಕಳನ್ನು ಒಬ್ಬೊಬ್ಬರಾಗಿ ಹೊರಗೆ ಕರೆದರು. ಒಬ್ಬರಿಗೆ ಐದನೆಯ ಪುಟ, ಇನ್ನೊಬ್ಬರಿಗೆ ಅರವತ್ತನೆಯದು, ಮತ್ತೊಬ್ಬರಿಗೆ ಪುಸ್ತಕದ ಹಿಂಬದಿಯ ಸೂಚನೆ. ಔಷಧಿ ಅಂಗಡಿಯವನ ಮಗಳು ಎಲ್ಲವನ್ನೂ ಪಟಪಟನೆ ಓದಿದಳು. ಡಬ್ಬಿಗಳ ಮೇಲಿನ ಚೀಟಿ ಓದಿ ಕಲಿತಳಂತೆ. ಇನ್ನೂ ಮೂವರು ತಡವರಿಸುತ್ತಲಾದರೂ ದಡ ಸೇರಿದರು. ಉಳಿದವರು ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿದರು. ಒತ್ತು ಬಂದ ಕಡೆ ಮಾತ್ರ ಗರ ಬಡಿದವರ ಹಾಗೆ ನಿಂತುಬಿಟ್ಟರು. ಒಬ್ಬ ಮಾತ್ರ ಧೈರ್ಯ ಮಾಡಿ, "ಮೇಡಂ, ಬೇಕಾದ್ರೆ ದೀಪಸ್ತಂಭ ಹೇಳ್ಲಾ?" ಎಂದು ಕೇಳಿದ. ಪಾಪ, ಅವರಿಗೆ ಸಹಾಯ ಮಾಡಬೇಕೆಂದೇ ಕೇಳಿದ.

ಮೂವತ್ತು ಮಕ್ಕಳಾದ ಮೇಲೆ ಅವರು ಪೆನ್ನು ಕೆಳಗಿಟ್ಟರು. ಮೂವತ್ತೊಂದನೆಯ ಹೆಸರು ಕರೆಯಲು ನಾಲಿಗೆ ಏಳಲಿಲ್ಲ. ಬದಲಿಗೆ ಹೆಡ್‌ಮಾಸ್ತರರ ಕೋಣೆಗೆ ಹೋದರು.

ಅಲ್ಲಿ ಕೂರಲು ಯಾರೂ ಹೇಳಲಿಲ್ಲ. ಹೆಡ್‌ಮಾಸ್ತರರೂ ಮಿಸ್ಸೂ ನಿಂತೇ ಇದ್ದರು.

"ಹೊಸ ಪುಸ್ತಕದ ಕಟ್ಟು ನಿನ್ನೆ ಸಂಜೆ ಬಂತು ಮೇಡಂ," ಎಂದರು ಹೆಡ್‌ಮಾಸ್ತರರು. ಅವರು ಬೆವರುತ್ತಿದ್ದರು. "ನೀವು ಬರ್ತೀರಲ್ಲ, ಮಕ್ಕಳ ಕೈಲಿ ಹೊಸದಿದ್ರೆ ಚೆನ್ನಾಗಿ ಕಾಣುತ್ತೆ ಅಂತ ಬೆಳಿಗ್ಗೆ ಹಂಚಿಸ್ದೆ. ಒಳಗೆ ಪಾಠ ಬದಲಾಗಿದೆ ಅಂತ ಯಾರಿಗೆ ಗೊತ್ತಿತ್ತು?"

"ಅಂದ್ರೆ, ಹಳೇ ಪುಸ್ತಕ ಕೊಟ್ಟಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಅಂತೀರಾ?"

ಹೆಡ್‌ಮಾಸ್ತರರು ನಾಲಿಗೆ ಕಚ್ಚಿಕೊಂಡರು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಮಿಸ್ಸು ತಲೆಯೆತ್ತಿದರು. "ಮೇಡಂ, ಬೈದ್ರೆ ಬೈಸ್ಕೋತೀನಿ. ಆದ್ರೆ ಒಂದು ಮಾತು. ನಂಗೆ ಮೂರು ಕ್ಲಾಸು. ಜೊತೆಗೆ ಜನಗಣತಿ ನಂದೇ, ಚುನಾವಣೆ ಪಟ್ಟಿ ನಂದೇ. ನಮ್ಮ ಪಕ್ಕದ ಸ್ಕೂಲಿಗೆ ನೀವು 'ಓದು ಸಾಲದು' ಅಂತ ಬರೆದ್ರಿ. ಆರು ತಿಂಗಳಿಗೆ ಮುಚ್ಚಿದ್ರು. ಆಮೇಲೆ ನಮಗೂ ಭಯ ಹುಟ್ತು. ನೀವು ಕೇಳೋದು ಅದೊಂದೇ ಪುಟ. ಐದನೇ ಕ್ಲಾಸಿಂದ್ಲೇ ಅದನ್ನ ದಿನಾ ಹೇಳಿಸಿದೆ. ಚೆನ್ನಾಗೇ ಹೇಳಿಸಿದೀನಿ ಮೇಡಂ, ಅದರಲ್ಲಿ ಮೋಸ ಮಾಡಿಲ್ಲ."

ಆ ಕೊನೆಯ ಮಾತನ್ನು ಅವರು ಎಷ್ಟು ಮನಸಾರೆ ಹೇಳಿದರೆಂದರೆ, ಇನ್‌ಸ್ಪೆಕ್ಟರಮ್ಮನಿಗೆ ಕೋಪವೂ ಬರಲಿಲ್ಲ.

"ಬೇರೆ ಸ್ಕೂಲಲ್ಲಿ?" ಎಂದು ಕೇಳಿದರು.

ಮಿಸ್ಸು ಹೆಡ್‌ಮಾಸ್ತರರ ಕಡೆ ನೋಡಿದರು.

"ಹೇಳಿ ಮಾಸ್ತ್ರೇ."

"ಎಲ್ಲಾ ಕಡೆ ಇದೇ ಮೇಡಂ," ಎಂದರು ಹೆಡ್‌ಮಾಸ್ತರರು, ಗೋಡೆಗೆ ಹೇಳುವವರಂತೆ. "ತಪ್ಪು ತಿಳೀಬೇಡಿ. ನಮ್ಮ ನಮ್ಮಲ್ಲಿ ನಿಮ್ಮ ಹೆಸರೇ ಮೂವತ್ತೇಳು. 'ನಾಳೆ ಮೂವತ್ತೇಳು ಬರುತ್ತಂತೆ' ಅಂತ ಫೋನ್ ಮಾಡ್ಕೋತೀವಿ."

ಇನ್‌ಸ್ಪೆಕ್ಟರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಲವತ್ತಮೂರು ಶಾಲೆ, ಹನ್ನೊಂದು ವರ್ಷ. ಅಷ್ಟೂ ಮಕ್ಕಳ ಬಾಯಲ್ಲಿ ಒಬ್ಬನೇ ಮುದುಕ ಅದೇ ಮೆಟ್ಟಿಲುಗಳನ್ನು ಹತ್ತುತ್ತಿದ್ದ. ಆ ಮಕ್ಕಳಲ್ಲಿ ಎಷ್ಟೋ ಜನ ಈಗ ಬೆಳೆದು ಕೆಲಸಕ್ಕೂ ಸೇರಿರಬೇಕು. ತಾವು ಕಣ್ಣು ಮುಚ್ಚಿ ತಲೆದೂಗಿದ ಒಂದೊಂದು ತರಗತಿಯೂ ನೆನಪಿಗೆ ಬಂತು. ಅವರಿಗೆ ನಾಚಿಕೆಯಾಯಿತು. ನಾಚಿಕೆ ಎನ್ನುವ ಮಾತೂ ಸಣ್ಣದಾಯಿತು.

ಅವರು ವರದಿಯ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಕಟ್ಟಡ, ನೀರು, ಶೌಚಾಲಯ, ಹಾಜರಿ ಎಲ್ಲ ತುಂಬಿಯಾಗಿತ್ತು. 'ಓದು' ಎನ್ನುವ ಚೌಕ ಒಂದೇ ಖಾಲಿಯಿತ್ತು.

"ಮೇಡಂ," ಎಂದರು ಹೆಡ್‌ಮಾಸ್ತರರು ಮೆಲ್ಲಗೆ, "ಬರೆಯೋಕ್ ಮುಂಚೆ ಸ್ವಲ್ಪ ಯೋಚ್ನೆ ಮಾಡಿ. ನಮ್ಮ ಸ್ಕೂಲು ಹೋಗುತ್ತೆ, ಅದಿರ್ಲಿ. ಹೋದ ವರ್ಷ ಅತ್ಯುತ್ತಮ, ಈ ವರ್ಷ ಹೀಗೆ ಅಂದ್ರೆ, ಹೋದ ವರ್ಷದ್ದು ಬರೆದೋರು ಯಾರು ಅಂತ ಕೇಳಲ್ವಾ?"

ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು.

ಜಗುಲಿಯಲ್ಲಿ ಗುಬ್ಬಿ ಒಬ್ಬಳೇ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಎಲ್ಲರ ಸರದಿಯೂ ಆಗಿ ತನ್ನದೊಂದು ಉಳಿಯಿತೆಂದು ತಾನಾಗಿಯೇ ಬಂದಿದ್ದಳು. ಕೈಯಲ್ಲಿ ಪೆನ್ನಿನ ಮುಚ್ಚಳವಿತ್ತು.

"ಅತ್ತೆ, ಇದು ಬೀಳಿಸ್ಕೊಂಡಿದ್ರಿ."

"ಕೊಡು ಮರಿ." ಅವರು ಮುಚ್ಚಳ ತೆಗೆದುಕೊಂಡರು. "ಗುಬ್ಬಿ, ನಿಂಗೆ ಓದೋಕೆ ಬರುತ್ತಾ?"

"ಓ, ಬರುತ್ತಲ್ಲ!" ಗುಬ್ಬಿಯ ಮುಖ ಅರಳಿತು. "ಅವತ್ತು ನಿಮ್ಮನೇಲಿ ಓದಿರ್ಲಿಲ್ವಾ? ಅಪ್ಪಂಗೂ ದಿನಾ ಓದಿ ಹೇಳ್ತೀನಿ. ಅಪ್ಪ ಕೆಲಸದಿಂದ ಬಂದು, ಇನ್ನೊಂದ್ಸಲ ಓದು ಅಂತಾರೆ. ಅಪ್ಪಂಗೆ ಆ ಅಜ್ಜ ಅಂದ್ರೆ ಭಾಳ ಇಷ್ಟ."

ಅತ್ತೆ ಸುತ್ತ ನೋಡಿದರು. ಪುಸ್ತಕ ಬೇಡ ಅನ್ನಿಸಿತು. ಎದುರಿನ ಗೋಡೆಯಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಗಾಜು ಹಾಕಿದ ಚೌಕಟ್ಟೊಂದು ನೇತಾಡುತ್ತಿತ್ತು. ಓದಿಗೆ ಕೊಟ್ಟ ಹೋದ ವರ್ಷದ ಪ್ರಮಾಣಪತ್ರ. ನಡುವೆ ದೊಡ್ಡ ನೀಲಿ ಅಕ್ಷರದಲ್ಲಿ ಒಂದೇ ಒಂದು ಶಬ್ದ, ಕೆಳಗೆ ಅವರದೇ ಸಹಿ. ಈ ಹುಡುಗಿ ಒಂದು ವರ್ಷದಿಂದ ದಿನವೂ ಇದರ ಮುಂದೆಯೇ ತರಗತಿಗೆ ನಡೆದು ಹೋಗಿದ್ದಳು.

"ಅದನ್ನ ಓದು ನೋಡೋಣ. ಆ ನೀಲಿ ಅಕ್ಷರ. ನಿಧಾನಕ್ಕೆ ಓದು, ಅವಸರ ಇಲ್ಲ."

ಗುಬ್ಬಿ ಮುಂದೆ ಹೋಗಿ ತುದಿಗಾಲಲ್ಲಿ ನಿಂತು, ಕಲಿಸಿದಂತೆಯೇ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. "ಅ," ಎಂದಳು ಗಟ್ಟಿಯಾಗಿ. ಆಮೇಲಿನ ಅಕ್ಷರಕ್ಕೆ ತುಟಿ ಅಲುಗಿತು, ಸದ್ದು ಬರಲಿಲ್ಲ. ಮತ್ತೆ ಮೊದಲಿಂದ "ಅ" ಎಂದಳು. ಒಂದಿಷ್ಟು ಹೊತ್ತು ಆ ಶಬ್ದವನ್ನು ಅಪರಿಚಿತರ ಮುಖ ನೋಡುವಂತೆ ನೋಡಿದಳು. ಅತ್ತೆಯ ಕೈಯಲ್ಲಿದ್ದ ವರದಿ ಹಾಳೆ ಮುದುಡಿ ಹೋಗಿತ್ತು.

ಗುಬ್ಬಿ ತಿರುಗಿ ನೋಡಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಒಂದು ಸಣ್ಣ ಸಂದೇಹ ಮಾತ್ರವಿತ್ತು.

"ಅತ್ತೆ, ಇದು ಎಷ್ಟನೇ ಪುಟದ್ದು?"

ಒಳಗೆ ಯಾವುದೋ ತರಗತಿ ಒಟ್ಟಿಗೆ ಏನನ್ನೋ ಹೇಳಲು ಶುರು ಮಾಡಿತು. ಗುಬ್ಬಿ ಉತ್ತರಕ್ಕೆ ಕಾಯುತ್ತ ತುದಿಗಾಲಲ್ಲೇ ನಿಂತಿದ್ದಳು. ಅವಳ ಬೆರಳು ಗಾಜಿನ ಮೇಲೆ ಮೊದಲ ಅಕ್ಷರದ ಕೆಳಗೇ ಇತ್ತು.