ಅತ್ತೆಯ ಕೋಣೆಯಲ್ಲಿ ಪರೀಕ್ಷೆ

ನಮ್ಮ ಕ್ರೈಸ್ತ ಪಂಥವಾದ ಮೆಥೊಡಿಸ್ಟರ ಇತಿಹಾಸ ನನಗೆ ಬಾಯಿಪಾಠ. ಓದಿ ಕಲಿತದ್ದಲ್ಲ, ಉಪದೇಶಕನಾಗುವ ಪರೀಕ್ಷೆಗೆಂದು ನನ್ನ ಗಂಡ ತಿಂಗಳುಗಟ್ಟಲೆ ಅಡುಗೆಮನೆಯಲ್ಲಿ ನಿಂತು ಅದನ್ನೇ ಒಪ್ಪಿಸುತ್ತ ಗಂಟಲು ಹರಿದುಕೊಂಡಿದ್ದ. ಚರ್ಚುಗಳು ಬಾಗಿಲು ಮುಚ್ಚಿದಾಗ ಸಂಸ್ಥಾಪಕರು ಬಯಲಿಗಿಳಿದು ಗಣಿ ಕೂಲಿಗಳಿಗೆ ಬೋಧಿಸಿದ್ದು, ಸೆರೆಮನೆಗಳಿಗೆ ಹೋದದ್ದು, ಬಡ ರೋಗಿಗಳಿಗೆ ಔಷಧಿ ಕೊಟ್ಟದ್ದು, ಜನರನ್ನು ಸಣ್ಣ ಗುಂಪು ಮಾಡಿ ವಾರವಾರವೂ ‘ನಿನ್ನ ಆತ್ಮ ಹೇಗಿದೆ’ ಎಂದು ಕೇಳಿದ್ದು. ದಪ್ಪ ಪುಸ್ತಕಗಳೂ ಕಾಲೇಜುಗಳೂ ಹುಟ್ಟಿದ್ದು ಆಮೇಲೆ. “ನಮ್ಮದು ಮಾಡಿ ತಿಳಿದ ಧರ್ಮ, ಬರೀ ಓದಿ ತಿಳಿದದ್ದಲ್ಲ” ಎನ್ನುವುದು ಅವನ ಭಾಷಣದ ಕೊನೆಯ ಮಾತು.

ಅವನು ಹಾಗೆ ಗುಡುಗುವಾಗ ನಾನು ಪಕ್ಕದ ಕೋಣೆಯಲ್ಲಿ ಅವನ ತಾಯಿಯ ಹೇಲು ಬಳಿಯುತ್ತಿದ್ದೆ. ಪಾರ್ಶ್ವವಾಯು ಬಡಿದ ಮೇಲೆ ಅತ್ತೆಯ ಎಡಗಡೆ ಪೂರ್ತಿ ಬಿದ್ದುಹೋಗಿತ್ತು, ಬೆನ್ನಿನ ಹುಣ್ಣು ಕೀವುಗಟ್ಟಿತ್ತು. ಮಗರಾಯ ಹೊಸ್ತಿಲು ದಾಟುತ್ತಿರಲಿಲ್ಲ. ಮೂಗಿಗೆ ಕರವಸ್ತ್ರ ಒತ್ತಿ “ಅಮ್ಮಾ, ಆರಾಮಾ?” ಎಂದವನೇ ಕಾಲಿಗೆ ಬುದ್ಧಿ ಹೇಳುತ್ತಿದ್ದ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ನನಗೇನು ಹೇಸಿಗೆಯಾಗುತ್ತಿರಲಿಲ್ಲವೇ? ಆಗುತ್ತಿತ್ತು, ಸುಳ್ಳೇಕೆ. ಆದರೆ ಆ ವಾಸನೆಗಿಂತ ಅವನ ಕರವಸ್ತ್ರದ ಸೆಂಟೇ ನನಗೆ ಹೆಚ್ಚು ಹೇಸಿಗೆ ತರಿಸುತ್ತಿತ್ತು.

ಸಾಯುವ ಮೊದಲು ಮಗ ಬೋಧಿಸುವುದನ್ನು ಕೇಳಬೇಕೆಂಬುದೇ ಅತ್ತೆಯ ಆಸೆ. ಅದಕ್ಕೆ ಪರೀಕ್ಷೆಯ ಜೊತೆಗೆ ನಮ್ಮ ಚರ್ಚಿನ ಅಂಥದೇ ಗುಂಪಿನ ಎಲ್ಲರ ಒಪ್ಪಿಗೆಯೂ ಬೇಕಿತ್ತು. ಒಬ್ಬರು ಬೇಡವೆಂದರೂ ಅಲ್ಲಿಗೆ ಮುಗಿಯಿತು. ನನ್ನಂತೆ ಅತ್ತೆಯೂ ಸದಸ್ಯೆಯಾದ್ದರಿಂದ ಪಾದ್ರಿಗಳೂ ಗುಂಪಿನವರೂ ಮನೆಗೇ ಬಂದು, ಪರೀಕ್ಷೆ ಅವರ ಮಂಚದ ಪಕ್ಕದಲ್ಲೇ ನಡೆಯಿತು.

ಅಂದು ಬೇರೆ ದಾರಿಯಿಲ್ಲದೆ ಅವನೂ ಒಳಗೆ ಬಂದು ಮಂಚಕ್ಕೆ ತಾಗಿ ನಿಂತ. ಇತಿಹಾಸವನ್ನು ನೀರು ಕುಡಿದಂತೆ ಒಪ್ಪಿಸಿದ. ಕೊನೆಗೆ ಪಾದ್ರಿಗಳು ಸಂಸ್ಥಾಪಕರ ಕಾಲದಿಂದ ಎಲ್ಲ ಬೋಧಕರಿಗೂ ಕೇಳುತ್ತ ಬಂದ ಪ್ರಶ್ನೆ ಕೇಳಿದರು: “ಈ ಬದುಕಲ್ಲೇ ಪ್ರೀತಿಯಲ್ಲಿ ಪರಿಪೂರ್ಣನಾಗ್ತೀನಿ ಅನ್ನೋ ನಿರೀಕ್ಷೆ ಇದೆಯಾ?”

“ಇದೆ” ಎಂದ. ಕಣ್ಣಲ್ಲಿ ನೀರು ಬೇರೆ.

ಅಷ್ಟರಲ್ಲಿ ಕೋಣೆಯೆಲ್ಲ ನಾರಿತು. “ಮಗಾ...” ಎಂದರು ಅತ್ತೆ, ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡು. ಅವನು ಕಿಟಕಿಯತ್ತ ಸರಿದು, “ಏಯ್, ಸ್ವಲ್ಪ ನೋಡೇ” ಎಂದ ನನಗೆ. ಪಾದ್ರಿಗಳು ಫ್ಯಾನ್ ನೋಡತೊಡಗಿದರು. ಥೂ, ಇವರ ಜನ್ಮಕ್ಕಿಷ್ಟು!

ನಾನು ಬೋಗುಣಿ ತಂದು ಬಟ್ಟೆ ಅದ್ದಿದೆ. ಆ ಗಬ್ಬಿನಿಂದ ಬೇಗ ಪಾರಾಗಬೇಕಿತ್ತೇನೋ, ಪಾದ್ರಿಗಳು ಅವಸರದಲ್ಲಿ, “ಒಪ್ಪೋರು ಕೈ ಎತ್ತಿ” ಎಂದರು. ಬಂದವರೆಲ್ಲ ಎತ್ತಿದರು. ಅತ್ತೆಯ ಬಲಗೈಯೂ ಮೇಲೆದ್ದಿತು.

“ಬೇಡ ಅನ್ನೋರು?”

ನಾನು ಕೈ ಎತ್ತಿದೆ. ಸೋಪಿನ ನೀರು ಮೊಣಕೈವರೆಗೆ ಇಳಿಯಿತು.

“ಏನೇ ಇದು, ತಮಾಷೆನಾ?” ಗಂಡನ ಮುಖ ಕಪ್ಪಿಟ್ಟಿತು.

“ತಮಾಷೆ ಏನಿಲ್ಲ. ಬನ್ನಿ, ಈ ಬಟ್ಟೆ ತಗೊಳ್ಳಿ. ಒಂದ್ಸಲ ನಿಮ್ಮಮ್ಮನ್ನ ಒರೆಸಿ. ಕೈ ಇಳಿಸ್ತೀನಿ.”

ಅವನು ಬಟ್ಟೆ ನೋಡಿದ, ಪಾದ್ರಿಗಳನ್ನು ನೋಡಿದ. ಕೈ ಜೇಬಿಗೆ ಹೋಯಿತು, ಕರವಸ್ತ್ರಕ್ಕೆ.

“ಕೈ ಇಳಿಸಮ್ಮ,” ಎಂದರು ಅತ್ತೆ. “ಅವನ ಕೈಲಾಗಲ್ಲ, ನಂಗೊತ್ತು. ಚಳಿ ಆಗ್ತಿದೆ ಕಣಮ್ಮ, ನೀನೇ ಒರೆಸಿಬಿಡು.”

ಕೈ ಎತ್ತಿಕೊಂಡೇ ಒರೆಸುವುದು ಹೇಗೆ? ಇಳಿಸಿದೆ.

“ಸರ್ವಾನುಮತ” ಎಂದರು ಪಾದ್ರಿಗಳು.